ನಮ್ಮ ಹೊಲಕ್ಕೆ ಬಂದ ರಾಜಧಾನಿ

ರಾಜಧಾನಿ ನಮ್ಮ ಹೊಲಕ್ಕೆ ಬರುತ್ತದೆ ಎಂದು ಕೇಳಿದ ದಿನದಿಂದ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬೆಂಗಳೂರು ಕಿಕ್ಕಿರಿದು ಹೋಗಿದೆ, ಆದ್ದರಿಂದ ನಿಡಗುಂದಿಯ ಆಚೆ ಹೊಸ ಊರು ಕಟ್ಟಿ ಕಚೇರಿಗಳನ್ನೆಲ್ಲ ಇಲ್ಲಿಗೆ ತರುತ್ತಾರಂತೆ. ಸರ್ವೆಯವರು ಬಂದು ನಮ್ಮ ಜೋಳದ ಹೊಲದ ಬದುವಿನುದ್ದಕ್ಕೂ ಸುಣ್ಣ ಬಳಿದ ಕಲ್ಲು ನೆಟ್ಟು ಹೋದರು. ಹೊಲ ಹೋದೀತೆಂದು ಊರವರು ಕಂಗಾಲಾದರು. ನಾನು ಮಾತ್ರ ಒಳಗೊಳಗೇ ಕುಣಿದೆ. ಹೊಲ ಹೋದರೆ ಹೋಗಲಿ, ಮನೆಯವರು ಬರುತ್ತಾರಲ್ಲ.

ಮನೆಯವರು, ಅಂದರೆ ನನ್ನ ಗಂಡ ದುಂಡೇಶ, ಬೆಂಗಳೂರಿನಲ್ಲಿ ಸಿಟಿ ಬಸ್ ಡ್ರೈವರ್. ಇಲ್ಲಿಂದ ಪಕ್ಕದ ಆಲಮಟ್ಟಿಗೆ ಹೋಗುವಷ್ಟು ದೂರಕ್ಕೆ ಅಲ್ಲಿ ಎರಡು ತಾಸು ಬೇಕಂತೆ. ನಮ್ಮ ಕಡೆಯ ಡ್ರೈವರುಗಳು ಸೇರಿ ಒಂದು ಖೋಲಿ ಹಿಡಿದಿದ್ದಾರೆ. ಒಬ್ಬ ಡ್ಯೂಟಿಗೆ ಎದ್ದರೆ ಇನ್ನೊಬ್ಬ ಅದೇ ಹಾಸಿಗೆಯಲ್ಲಿ ಮಲಗುತ್ತಾನೆ. ನನ್ನ ಸಂಸಾರವೆಂದರೆ ಅವರ ರಜೆಯ ದಿನಗಳು. ಅದರಲ್ಲೂ ಅರ್ಧ ಅವರ ನಿದ್ದೆಗೇ ಹೋಗುತ್ತದೆ.

"ಇಲ್ಲಿ ರಾಜಧಾನಿ ಆದ್ರ ಸಿಟಿ ಬಸ್ಸೂ ಬರ್ತಾವ. ವರ್ಗಾವಣಿ ಕೇಳ್ರಿ," ಎಂದು ದಿನಾ ಫೋನಿನಲ್ಲಿ ತಲೆ ತಿನ್ನುತ್ತಿದ್ದೆ.

"ಮೊದ್ಲ ರೋಡ್ ಆಗ್ಲಿ ತಡಿ," ಎನ್ನುತ್ತಿದ್ದರು.

ತಡೆಯುವುದು ನನ್ನಿಂದಾಗದ ಕೆಲಸ. ಬೆಳಗಾದರೆ ಕಲ್ಲುಗಳು ಇವೆಯೋ ಇಲ್ಲವೋ ನೋಡಲು ಹೊಲಕ್ಕೆ ಓಡುತ್ತಿದ್ದೆ.

ಎಳ್ಳ ಅಮಾವಾಸ್ಯೆ ಬಂತು. ಅಂದು ಹೊಲದಲ್ಲಿ ಐದು ಕಲ್ಲಿಗೆ ಸುಣ್ಣ ಬಳಿದು, ಪಾಂಡವರೆಂದು ಪೂಜಿಸಿ, ಎಡೆ ಮಾಡಿ, ಎಡೆಯ ಅಡುಗೆಯನ್ನು ಚರಗವೆಂದು ಬೆಳೆಗೆ ಚೆಲ್ಲುವುದು ನಮ್ಮ ಪದ್ಧತಿ. ಅತ್ತೆ ಸಾತವ್ವ ಮುಂದೆ ಹೋಗಿದ್ದರು. ನಾನು ಬುಟ್ಟಿ ಹೊತ್ತು ಹೋಗುವಷ್ಟರಲ್ಲಿ ಬನ್ನಿ ಗಿಡದ ಕೆಳಗೆ ಸರ್ವೆಯ ಐದು ಕಲ್ಲುಗಳು ಕುಂಕುಮ ಹಚ್ಚಿಸಿಕೊಂಡು ಸಾಲಾಗಿ ಕೂತಿದ್ದವು.

"ಅತ್ತಿ, ಇವು ರಾಜಧಾನಿ ಕಲ್ಲು. ಯಾಕ ಕಿತ್ತ್ರಿ?"

"ಸುಣ್ಣ ಹಚ್ಚಿದ್ದ ಸಿಕ್ಕಾವ, ಮತ್ತ ಬ್ಯಾರೆ ಹುಡುಕೂದ್ಯಾಕ?" ಎಂದರು, ಬುಟ್ಟಿಯಿಂದ ಹೋಳಿಗೆ ತೆಗೆದು ಎಡೆ ಇಡುತ್ತ.

ನನಗೆ ಮೈಯೆಲ್ಲ ಉರಿಯಿತು. ಯಾವ ಕಲ್ಲು ಎಲ್ಲಿತ್ತೆಂದು ಅವರಿಗೂ ನೆನಪಿರಲಿಲ್ಲ. ಒಂದನ್ನು ಎತ್ತಿಯೇಬಿಟ್ಟೆ, ಅದರ ಮುಂದಿದ್ದ ಹೋಳಿಗೆ ಮಣ್ಣಾಯಿತು.

"ನಿಮ್ಮ ಮಗ ಬರೂದು ನಿಮಗ ಬ್ಯಾಡೇನು?"

ಅತ್ತೆಯ ಮುಖ ಸಣ್ಣದಾಯಿತು. "ಅದನ್ನ ಬೇಡ್ಕೊಂಡೇನವ್ವಾ ಈಗ. ಮತ್ತೇನ ಬೇಡ್ಲಿ?"

ನನಗೆ ನಾಚಿಕೆಯಾಯಿತು. ಅಷ್ಟರಲ್ಲಿ ಬದುವಿನ ಬಳಿ ಸರ್ವೆ ಜೀಪು ನಿಂತು, ಕಲ್ಲು ನೆಟ್ಟವರಲ್ಲೊಬ್ಬನಾದ ಮುದ್ದೇಬಿಹಾಳದ ಜಾಹಿದ ಇಳಿದು ಬಂದ. ನಾನು ಕಲ್ಲು ಹಿಡಿದು ಕಳ್ಳಿಯ ಹಾಗೆ ನಿಂತಿದ್ದೆ.

"ತಪ್ಪಾಗೇತಿ ಅಣ್ಣಾ. ಎಲ್ಲಿತ್ತು ಹೇಳ್ರಿ, ಅಲ್ಲೇ ಇಡ್ತೇನಿ."

"ಇಡೂದು ಬ್ಯಾಡ್ರಿ ಅಕ್ಕಾರ. ಕಲ್ಲು ಒಯ್ಯಾಕ ಬಂದೇವಿ. ಇಲ್ಲಿ ಕೆಲಸ ಕೈಬಿಟ್ಟಾರ. ರಾಜಧಾನಿ ಬೆಂಗಳೂರಾಗ ಇರ್ತೈತಂತ, ಅದರ ಮಗ್ಗಲಕ್ಕ ಇನ್ನಷ್ಟು ಕಟ್ತಾರಂತ."

ಉಳಿದ ಕಲ್ಲುಗಳನ್ನೆಲ್ಲ ಅವನು ಜೀಪಿಗೆ ಹಾಕಿಸಿದ. ಕುಂಕುಮದ ಕಲ್ಲುಗಳ ಹತ್ತಿರ ಬಂದವನು ಮುಟ್ಟಲಿಲ್ಲ. ಅತ್ತೆ ಕೈಗಿಟ್ಟ ಹೋಳಿಗೆ ತಿಂದು, "ಈ ಐದು ಇಲ್ಲೇ ಇರ್ಲಿ ಆಯಿ," ಎಂದು ಹೊರಟುಹೋದ.

ನಾನು ಅಲ್ಲೇ ಕೂತು ಅಳತೊಡಗಿದೆ. ಸಾತವ್ವ ನನ್ನ ಕೈಯಿಂದ ಕಲ್ಲು ತೆಗೆದುಕೊಂಡು ಸಾಲಿಗೆ ಸೇರಿಸಿದರು. ಕಣ್ಣೊರೆಸಿಕೊಂಡು ಫೋನ್ ಹಚ್ಚಿದೆ. ಮನೆಯವರು ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಿದ್ದರು.

"ಬ್ಯಾರೆ ಖೋಲಿ ನೋಡ್ರಿ. ನಾ ಬರ್ತೇನಿ."

"ಹುಚ್ಚೇನ ನಿನಗ? ಇಲ್ಲಿ ಕಾಲಿಡಾಕ ಜಾಗಿಲ್ಲ."

"ನಿಮಗ ಸಿಕ್ಕೈತಲ್ಲ, ನನಗೂ ಸಿಗ್ತೈತಿ."

ಜೋಳದ ನಡುವೆ ಚರಗ ಚೆಲ್ಲುತ್ತಿದ್ದ ಅತ್ತೆ ಅಲ್ಲಿಂದಲೇ ಕೂಗಿದರು. "ನಮ್ಮಿಬ್ಬರಿಗೂ ಜಾಗ ನೋಡಂತ ಹೇಳವ್ವಾ. ಬಾಜೂ ಹೊಲದ ಬೀರಣ್ಣ ನಮ್ಮ ಹೊಲಾನೂ ಪಾಲಿಗಿ ಮಾಡ್ತಾನ."

ಆ ಕಡೆ ಹಾರ್ನುಗಳದ್ದೇ ಸದ್ದು. ಅದರ ನಡುವೆಯೇ ಮನೆಯವರು ಕೂಗಿ ಹೇಳಿದರು.

"ಬರೂವಾಗ ಹಾಸಿಗಿ ತಗೊಂಡು ಬರ್ರಿ."