ಕಲ್ಲಿಲ್ಲದ ನೋವು

ತಂಬ್ರಹಳ್ಳಿಯ ಗಾಳೆಮ್ಮನ ಪಿತ್ತಕೋಶದಿಂದ ತೆಗೆದ ಕಲ್ಲುಗಳು ಸಣ್ಣದೊಂದು ಶೀಶೆಯಲ್ಲಿ ಕೂತು ಮನೆಮನೆ ಸುತ್ತಿದ್ದವು. ನೋಡಿದವರೆಲ್ಲ, "ಪಾಪ, ಎಷ್ಟು ತಡಕೊಂಡಿ ಯವ್ವಾ" ಅಂದಿದ್ದರು. ಪಕ್ಕದ ಮನೆಯ ಶಿವಲೀಲಾಗೆ ಮಾತ್ರ ಹೊಟ್ಟೆಕಿಚ್ಚಾಯಿತು. ಕಲ್ಲು ಕಂಡು ಹೊಟ್ಟೆಕಿಚ್ಚುಪಡುವ ಗತಿ ಯಾರಿಗೂ ಬೇಡ.

ಅವಳಿಗೂ ಅದೇ ಜಾಗದಲ್ಲಿ ನೋವು. ಉಂಡು ಸ್ವಲ್ಪ ಹೊತ್ತಿಗೆ ಬಲ ಪಕ್ಕೆಯ ಕೆಳಗೆ ಹಿಡಿದುಕೊಂಡರೆ ಬೆನ್ನಿನ ತನಕ ಹಬ್ಬುತ್ತಿತ್ತು. ಹಗರಿಬೊಮ್ಮನಹಳ್ಳಿಯಲ್ಲಿ ಸ್ಕ್ಯಾನಿಂಗ್ ಆಯಿತು, ಕಲ್ಲಿಲ್ಲ. ಹೊಟ್ಟೆಯೊಳಗೆ ಪೈಪು ಬಿಟ್ಟು ನೋಡಿದ್ದೂ ಆಯಿತು, ಹುಣ್ಣೂ ಇಲ್ಲ. ಅಲ್ಲಿಗೆ ಅತ್ತೆ ಗಾದೆಮ್ಮ ತೀರ್ಪು ಕೊಟ್ಟೇಬಿಟ್ಟಳು.

"ಮತ್ತೇನೈತಿ? ನನ್ನ ಕೈ ಅಡಗಿ ಸೇರಂಗಿಲ್ಲ ಈಕಿಗೆ. ತವರುಮನ್ಯಾಗ ಗಂಜಿ ಕುಡುದ್ರ ಅರಗತೈತಿ, ನಮ್ಮನಿ ತುಪ್ಪ ಉಂಡ್ರ ನೋವು ಬರತೈತಿ!"

ಗಂಡ ಓಬಳೇಶನದು ಎಸ್‌ಟಿಡಿ ಬೂತು. ಊರವರ ಮಾತೆಲ್ಲ ಅವನ ಕಿವಿಗೆ ಬೀಳುತ್ತಿತ್ತು, ಮನೆಯಲ್ಲಿ ಮಾತ್ರ ಪುಣ್ಯಾತ್ಮ ಕಿವುಡ. ಬರಬರುತ್ತಾ ಶಿವಲೀಲಾಗೆ ತನ್ನ ಮೇಲೇ ಅನುಮಾನ ಬಂತು: ನಾನು ನಾಟಕ ಮಾಡುತ್ತಿದ್ದೇನೆಯೇ?

ಹರಪನಹಳ್ಳಿಗೆ ಹೊಸ ಡಾಕ್ಟರು ಬಂದಾಗ ಗಾದೆಮ್ಮ ತಾನೇ ಜೊತೆಗೆ ಹೊರಟಳು, ಸೊಸೆಯ ಸುಳ್ಳು ಹಿಡಿಯಲೆಂದೇ. ಡಾಕ್ಟರು ಖಾಲಿ ಹೊಟ್ಟೆಯಲ್ಲಿ ಒಮ್ಮೆ ಸ್ಕ್ಯಾನ್ ಮಾಡಿ, "ಈಗ ಚೆನ್ನಾಗಿ ಜಿಡ್ಡಿರೋದು ತಿನ್ಕೊಂಡು ಬರ್ರಿ, ಮತ್ತೊಮ್ಮೆ ನೋಡ್ತೀನಿ" ಅಂದರು. ಗಾದೆಮ್ಮ ಬುತ್ತಿ ಬಿಚ್ಚಿದಳು. ತುಪ್ಪದಲ್ಲಿ ಮುಳುಗಿದ ಹೋಳಿಗೆ.

"ತಿನ್ನು. ನೋಡೇಬಿಡಾಣ."

ಶಿವಲೀಲಾ ತಿಂದಳು. ಅವಳಿಗಿದ್ದ ಹೆದರಿಕೆ ಒಂದೇ: ಇಷ್ಟು ದಿನ ಕಾಡಿದ ನೋವು ಇವತ್ತೇ ಕೈಕೊಟ್ಟರೆ?

ಕೈಕೊಡಲಿಲ್ಲ. ಮತ್ತೆ ಮಂಚ ಹತ್ತುವ ಹೊತ್ತಿಗೆ ಬೆವರಿ ಮುದುಡಿಕೊಂಡಿದ್ದಳು. ಡಾಕ್ಟರು ಮತ್ತೆ ಸ್ಕ್ಯಾನ್ ಮಾಡಿ, ಗಾದೆಮ್ಮನನ್ನು ಒಳಗೆ ಕರೆದು ಪರದೆ ತೋರಿಸಿದರು.

"ನೋಡಮ್ಮ, ಜಿಡ್ಡು ತಿಂದ ಮೇಲೆ ಈ ಪಿತ್ತದ ಚೀಲ ತಾನೇ ಹಿಂಡ್ಕೊಂಡು ಖಾಲಿ ಆಗಬೇಕು. ಇವರದು ಹಂಗೇ ತುಂಬ್ಕೊಂಡು ಕೂತೈತೆ. ಕಲ್ಲಿಲ್ಲ, ಆದ್ರೆ ಚೀಲಕ್ಕೆ ಹಿಂಡೋ ಶಕ್ತಿ ಇಲ್ಲ. ನೋವು ನಿಜ."

ಗಾದೆಮ್ಮ ಜೀವಮಾನವೆಲ್ಲ ಎಮ್ಮೆ ಕರೆದವಳು. ಪರದೆಯನ್ನೇ ನೋಡುತ್ತಾ, "ಕೆಚ್ಚಲು ತುಂಬೈತಿ, ಹಾಲು ಇಳಿಸವಲ್ದು ಅನ್ರಿ" ಅಂದಳು. ಆಮೇಲೆ ದನಿ ಸಣ್ಣದಾಯಿತು. "ಎಮ್ಮಿ ಆಗಿದ್ರ ಒಂದಿನಕ್ಕ ತಿಳಕೊಂತಿದ್ದೆ."

ಸೊಸೆಯ ಬೆನ್ನ ಮೇಲೆ ಕೈಯಿಟ್ಟಳು. ಶಿವಲೀಲಾ ಗಳಗಳ ಅತ್ತುಬಿಟ್ಟಳು. ನೋವಿಗಲ್ಲ, ಕೊನೆಗೂ ತನಗೊಂದು ರೋಗ ಸಿಕ್ಕಿತಲ್ಲ ಎಂಬ ಸಮಾಧಾನಕ್ಕೆ.

ದಾವಣಗೆರೆಯಲ್ಲಿ ಆಪರೇಷನ್ ಮಾಡಿ ಆ ಚೀಲ ತೆಗೆದರು. ಗಾಯವೆಲ್ಲ ಮಾಗಿದ ಮೇಲೆ ಮೊದಲ ಸಲ ಹೋಳಿಗೆ ಉಂಡು, ಶಿವಲೀಲಾ ಕಂಬಕ್ಕೆ ಒರಗಿ ನೋವಿಗಾಗಿ ಕಾದಳು. ಕಾದು ಕಾದು ತೂಕಡಿಕೆ ಬಂತು.

ಅಷ್ಟರಲ್ಲಿ ಗಾಳೆಮ್ಮ ಬಂದಳು. "ಎಲ್ಲೈತಿ ಶೀಶಿ? ನಿಂದೆಷ್ಟು ಕಲ್ಲು ಬಂದ್ವು, ತೋರ್ಸು ನೋಡಾಣ."

ಶಿವಲೀಲಾ ಕಣ್ಣುಜ್ಜಿಕೊಂಡು ಎದ್ದು ಕೂತಳು. ಹಿತ್ತಲಲ್ಲಿ ಎಮ್ಮೆ ಕರೆಯುತ್ತಿದ್ದ ಗಾದೆಮ್ಮ ಅಲ್ಲಿಂದಲೇ ಕೂಗಿದಳು:

"ಕಲ್ಲಿದ್ದಿಲ್ಲ ಗಾಳೆವ್ವಾ. ನೋವಿತ್ತು. ನಾನು ನೋಡೀನಿ."