ಅಮ್ಮನ ಮೇಲಿನ ನೀರು

ದ್ನಿಪ್ರೊ ನದಿಗೆ ಅಣೆಕಟ್ಟು ಕಟ್ಟಿ ನಮ್ಮ ವೆರ್ಬಿವ್ಕಾ ಊರನ್ನು ಮುಳುಗಿಸಿದಾಗ ನೆಸ್ತೊರ್‌ಗೆ ಒಂಬತ್ತು ವರ್ಷ, ನನಗೆ ಐದು. ಅವನು ನನ್ನ ಚಿಕ್ಕಮ್ಮನ ಮಗ. ಚಿಕ್ಕಮ್ಮ ಅದಕ್ಕೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದಳು. ಮನೆಯವರು ಬರೆದುಕೊಟ್ಟರೆ ಸಮಾಧಿಗಳನ್ನು ಮೇಲಿನ ದಿಬ್ಬಕ್ಕೆ ಸಾಗಿಸುತ್ತೇವೆ ಎಂದು ಅಧಿಕಾರಿಗಳು ಹೇಳಿದ್ದರು. ನೆಸ್ತೊರ್‌ನ ಅಪ್ಪ ಎಲ್ಲೋ ದೂರದ ಕಲ್ಲಿದ್ದಲ ಗಣಿಯಲ್ಲಿದ್ದ. ಅವನ ಕಾಗದ ಬರುವ ಮೊದಲೇ ನೀರು ಬಂತು. ಚಿಕ್ಕಮ್ಮ ಅಲ್ಲೇ ಉಳಿದಳು.

ಅವನನ್ನು ಸಾಕಿದವಳು ನನ್ನ ಅಮ್ಮ ಯವ್ದೋಖಾ. ದಿಬ್ಬದ ಮೇಲಿನ ಹೊಸ ಮನೆಯ ಕಿಟಕಿಯಲ್ಲಿ ಕೂತು ಅವನು ನೀರನ್ನೇ ನೋಡುತ್ತಿದ್ದ. ದೊಡ್ಡವನಾಗಿ ಅಣೆಕಟ್ಟು ಕಟ್ಟುವ ವಿದ್ಯೆಯನ್ನೇ ಓದಲು ಹೊರಟಾಗ ಊರವರು ಆಡಿಕೊಂಡರು. "ಏನವ್ವಾ ಯವ್ದೋಖಾ, ಊರು ನುಂಗಿದೋರ ಮನೇಲೇ ನಿನ್ನ ಹುಡುಗ ರೊಟ್ಟಿ ತಿನ್ನೋಕೆ ಹೊರಟ್ನಂತೆ?"

ಅವನು ಅಣೆಕಟ್ಟಿನ ಎಂಜಿನಿಯರನಾದ, ಆಮೇಲೆ ಮುಖ್ಯಸ್ಥನಾದ. ದೇಶ ಸ್ವತಂತ್ರವಾದ ಮೇಲೆ ಸಂಸತ್ತಿಗೆ ಗೆದ್ದ, ವಿದ್ಯುತ್ ಮಂತ್ರಿಯಾದ. ಕಾರ್ಖಾನೆಗಳಲ್ಲಿ ಸಂಬಳವಿಲ್ಲದೆ, ಮನೆಗಳಲ್ಲಿ ದಿನಕ್ಕೆ ನಾಲ್ಕು ಗಂಟೆ ಕರೆಂಟಿಲ್ಲದೆ ಜನ ಕಂಗೆಟ್ಟಿದ್ದ ಒಂದು ಶರತ್ಕಾಲದಲ್ಲಿ ಅವನನ್ನೇ ಪ್ರಧಾನಿ ಮಾಡಿದರು. ಯಾವ ಬಣಕ್ಕೂ ಸೇರದವನು, ಬೇಡವಾದಾಗ ಕಿತ್ತೊಗೆಯುವುದು ಸುಲಭ ಎಂಬುದೂ ಒಂದು ಕಾರಣ.

ಅಮ್ಮ ಮರುವಾರವೇ ಉಪ್ಪಿನಲ್ಲಿ ಹಾಕಿದ ಟೊಮೆಟೊ ಭರಣಿ ಹಿಡಿದು, ನನ್ನನ್ನೂ ಎಳೆದುಕೊಂಡು ಕೀವ್ ಬಸ್ಸು ಹತ್ತಿದಳು. ಪ್ರಧಾನಿ ಕಚೇರಿಯ ಬಾಗಿಲಲ್ಲಿ ಕಾವಲಿನವನು ಭರಣಿಯ ಮುಚ್ಚಳ ತೆಗೆಸಿದ. "ಬಾಂಬಲ್ಲ ಕಣಪ್ಪ, ಟೊಮೆಟೊ. ಬೇಕಾದ್ರೆ ಒಂದು ತಿಂದು ನೋಡು" ಎಂದಳು.

ನೆಸ್ತೊರ್ ದೊಡ್ಡ ಮೇಜು ಬಿಟ್ಟೆದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡ. ಅಮ್ಮ ಕೂರಲಿಲ್ಲ.

"ಎರಡೇ ದಿನ ನೀರು ಇಳಿಸಪ್ಪಾ. ನಿಮ್ಮಮ್ಮನ್ನ ಮೇಲಕ್ಕೆ ತಂದುಬಿಡೋಣ. ನಂಗೂ ವಯಸ್ಸಾಯ್ತು."

"ಎರಡು ದಿನಕ್ಕೆ ಆಗಲ್ಲ ದೊಡ್ಡಮ್ಮ. ಆರು ಮೀಟರ್ ಇಳೀಬೇಕು. ಮೂರು ಪಟ್ಟಣಕ್ಕೆ ಕುಡಿಯೋ ನೀರು ನಿಂತುಹೋಗುತ್ತೆ, ಚಳಿಗಾಲಕ್ಕೆ ಕರೆಂಟಿರಲ್ಲ."

"ನಿನ್ನ ಕೈಲಿ ಆಗಲ್ವಾ?"

"ಆಗುತ್ತೆ. ಒಂದು ಸಹಿ ಸಾಕು. ಆದ್ರೆ ನಾನು ಹಾಕಲ್ಲ."

"ಅವತ್ತು ನಿಮ್ಮಪ್ಪ ಸಹಿ ಹಾಕಲಿಲ್ಲ, ಇವತ್ತು ನೀನು" ಎಂದಳು ಅಮ್ಮ. ಅವನು ತರಿಸಿದ ಚಹಾ ಮುಟ್ಟದೆ ಹೊರಟುಬಂದಳು. ನಾನು ಬಾಗಿಲಲ್ಲಿ ತಿರುಗಿ ನೋಡಿದೆ. ಅವನು ಇನ್ನೂ ನಿಂತೇ ಇದ್ದ. ಮೇಜಿನ ಹಿಂದಿನ ಗೋಡೆಯ ಮೇಲೆ ದೇಶದ ನಕ್ಷೆ ತೂಗುಹಾಕಿತ್ತು. ಅದರಲ್ಲಿ ನಮ್ಮೂರಿದ್ದ ಕಡೆ ಬರೀ ನೀಲಿ.

ಆಮೇಲೆ ಟೀವಿಯಲ್ಲಿ ಅವನು ಕಂಡಾಗಲೆಲ್ಲ ಅಮ್ಮ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಹೋದರೂ ಬಾಗಿಲು ಮುಚ್ಚುತ್ತಿರಲಿಲ್ಲ. "ಸೊರಗಿದಾನಾ?" ಎಂದು ಒಳಗಿಂದಲೇ ಕೇಳುತ್ತಿದ್ದಳು.

ಹದಿನೇಳು ತಿಂಗಳಿಗೆ ಸಂಸತ್ತು ಅವನನ್ನು ಇಳಿಸಿತು. ನಿಂತಿದ್ದ ಸಂಬಳ, ಪಿಂಚಣಿ ಜನರ ಕೈ ಸೇರುವಂತೆ ಮಾಡಿದ್ದ. ಆದರೂ ಅವನ ಪರವಾಗಿ ಕೈ ಎತ್ತಿದವರು ತೀರ ಕಡಿಮೆ.

ಈಸ್ಟರ್ ಕಳೆದ ಭಾನುವಾರ, ಎಲ್ಲರೂ ಬಣ್ಣದ ಮೊಟ್ಟೆ, ಸಿಹಿ ಬ್ರೆಡ್ಡು ಕಟ್ಟಿಕೊಂಡು ತಮ್ಮತಮ್ಮ ಹಿರಿಯರ ಸಮಾಧಿಗೆ ಹೊರಟ ಹೊತ್ತಿಗೆ ಅವನು ಬಸ್ಸಿನಿಂದ ಇಳಿದ. ಒಬ್ಬನೇ. ಅಮ್ಮ ಬೇಲಿಯ ಬಳಿಯೇ ತಡೆದಳು.

"ಕುರ್ಚಿ ಹೋದ್ಮೇಲೆ ದಾರಿ ಗೊತ್ತಾಯ್ತಾ ದೊರೆಗೆ?"

"ಗೊತ್ತಾಯ್ತು. ದೋಣಿ ಹತ್ತು ದೊಡ್ಡಮ್ಮ."

ದಡದಲ್ಲಿ ಕಟ್ಟಿದ್ದ ನಮ್ಮ ದೋಣಿಯಲ್ಲಿ ಮೂವರೂ ಹೊರಟೆವು. ಅವನೇ ಹುಟ್ಟು ಹಾಕಿದ. ದಡದ ಇಗರ್ಜಿಯ ಗುಮ್ಮಟವನ್ನೂ ಧಾನ್ಯದ ಕಣಜದ ಗೋಪುರವನ್ನೂ ತಿರುತಿರುಗಿ ನೋಡುತ್ತ, ದೋಣಿಯನ್ನು ಒಂದಿಷ್ಟು ಎಡಕ್ಕೆ, ಮತ್ತೊಂದಿಷ್ಟು ಮುಂದಕ್ಕೆ ಸರಿಸಿ ನಿಲ್ಲಿಸಿದ.

"ಇಲ್ಲೇ."

"ನಿಂಗೆ ಹೇಗೋ ಗೊತ್ತು?" ಅಮ್ಮನ ದನಿ ಇಳಿದಿತ್ತು.

"ಎಂಜಿನಿಯರಾದ ಮೊದಲನೇ ವರ್ಷವೇ ಹಳೇ ನಕ್ಷೆ ಹುಡುಕಿ ಅಳೆದೆ. ಮಂತ್ರಿಯಾಗೋವರೆಗೂ ಪ್ರತಿ ವರ್ಷ ಬರ್ತಿದ್ದೆ. ಬೆಳಗ್ಗೆ ಬಂದು ಹೋಗಿಬಿಡ್ತಿದ್ದೆ. ನಿನ್ನ ಮುಖ ನೋಡೋ ಧೈರ್ಯ ಇರ್ಲಿಲ್ಲ."

ಅಮ್ಮ ಮಡಿಲಲ್ಲಿದ್ದ ಗಂಟು ಬಿಚ್ಚಿದಳು. ಬ್ರೆಡ್ಡು ಮುರಿದು ನೀರಿಗೆ ಹಾಕಿದಳು, ಒಂದು ಕೆಂಪು ಮೊಟ್ಟೆ ಬಿಟ್ಟಳು. ಅದು ಮುಳುಗುವುದನ್ನು ಅವನು ಬಗ್ಗಿ ನೋಡಿದ.

"ದೊಡ್ಡಮ್ಮ, ಅಮ್ಮನ ಮುಖಕ್ಕೆ ಫೋಟೊ ಇದೆ. ದನಿ ಮರೆತುಹೋಗಿದೆ. ಹೇಗಿತ್ತು?"

ಅಮ್ಮ ದೋಣಿಯಲ್ಲಿ ನೆಟ್ಟಗೆ ಕೂತಳು. ಬಾಯಿಗೆ ಅಂಗೈ ಅಡ್ಡವಿಟ್ಟುಕೊಂಡು, ನಾನು ಎಂದೂ ಕೇಳದ ತೆಳು ಏರುದನಿಯಲ್ಲಿ, ಎರಡೂ ದಡಕ್ಕೆ ಕೇಳುವ ಹಾಗೆ ಕೂಗಿದಳು:

"ನೆಸ್ತೊರ್ಕೋ... ಕತ್ತಲಾಯ್ತು, ಮನೆಗೆ ಬಾರೋ ಮಗಾ..."

ಅವನ ಕೈಯಿಂದ ಹುಟ್ಟು ಜಾರಿತು. ವಾಪಸು ದಡದವರೆಗೂ ನಾನೇ ದೋಣಿ ನಡೆಸಿದೆ. ಅವನು ದೊಡ್ಡಮ್ಮನ ಮೊಣಕಾಲಿಗೆ ತಲೆಯಾನಿಸಿ ಕೂತಿದ್ದ. ಅವಳು ಅವನ ನರೆಗೂದಲಲ್ಲಿ ಬೆರಳಾಡಿಸುತ್ತ, "ಎಷ್ಟು ಸೊರಗಿದೀಯೋ" ಎನ್ನುತ್ತಿದ್ದಳು.