ಉಣಿಸದ ಫ್ಲಾಸ್ಕು

ಅಕ್ಕನ ಗಂಡನೇ ಆ ಪ್ರಯೋಗಾಲಯದ ಮುಖ್ಯಸ್ಥರು. ಅವರು ಕರೆದರೆಂದೇ ಅವಳು ಅಲ್ಲಿ ಕೆಲಸಕ್ಕೆ ಸೇರಿದ್ದು. ಬ್ಯಾಕ್ಟೀರಿಯಾದ ಜೀನುಗಳನ್ನು ತಿದ್ದಿ ಅದರಿಂದ ಔಷಧದ ಪ್ರೋಟೀನು ಮಾಡಿಸಬೇಕಿತ್ತು. ಪ್ರಕೃತಿಯಲ್ಲಿಲ್ಲದ ಒಂದು ಅಮೈನೋ ಆಮ್ಲವನ್ನು ಉಣಿಸಿದರೆ, ಜೀವಕೋಶ ಅದನ್ನು ಪ್ರೋಟೀನಿನ ಸರಪಳಿಯೊಳಗೆ ಪೋಣಿಸಬೇಕು. ಆಗ ಔಷಧ ಮೈಯಲ್ಲಿ ಹೆಚ್ಚು ದಿನ ಉಳಿಯುತ್ತದೆ.

ಎರಡು ವರ್ಷ ಜೀವಕೋಶಗಳು ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಮೂರನೆಯ ವರ್ಷ ಇದ್ದಕ್ಕಿದ್ದಂತೆ ಅಣುಗಳ ತೂಕ ನೋಡುವ ಯಂತ್ರದಲ್ಲಿ, ಆಮ್ಲ ಸೇರಿದ ಪ್ರೋಟೀನಿನ ಹೊಸ ಗೆರೆ ಎದ್ದಿತು. ಅವಳು ಕೂತಲ್ಲೇ ಅತ್ತುಬಿಟ್ಟಳು.

"ನಮ್ಮನೆ ಹುಡುಗಿ ಅಂದ್ರೆ ಸುಮ್ನೇನಾ!" ಎಂದು ಭಾವ ಎಲ್ಲರೆದುರು ಹೊಗಳಿದರು. ವಿಜ್ಞಾನ ಪತ್ರಿಕೆಯಲ್ಲಿ ಪ್ರಬಂಧವೂ ಅಚ್ಚಾಯಿತು.

ಒಂದು ವರ್ಷದ ಮೇಲೆ, ಎಂದಿನಂತೆ ಇನ್ನೊಂದು ಪರೀಕ್ಷೆ. ಗೆರೆ ಬಂತು. ಮುಂದಿನ ಸಲಕ್ಕೆಂದು ಆಮ್ಲದ ಹೊಸ ಬಾಟಲಿ ಕೈಗೆತ್ತಿಕೊಂಡರೆ ಅದರ ಸೀಲೇ ಒಡೆದಿರಲಿಲ್ಲ. ಹಳೆಯದು ಹೋದ ವಾರವೇ ಮುಗಿದಿತ್ತು. ಈ ಸಲ ಜ್ವರದಲ್ಲಿ ಕೆಲಸ ಮಾಡಿದ್ದಳು, ಫ್ಲಾಸ್ಕಿಗೆ ಆಮ್ಲ ಉಣಿಸುವುದನ್ನೇ ಮರೆತಿದ್ದಳು. ಹಾಗಾದರೆ ಈ ಗೆರೆ ಬಂದದ್ದೆಲ್ಲಿಂದ?

ಯಂತ್ರಕ್ಕೆ ಒಯ್ಯುವ ಮುಂಚೆ ಪ್ರೋಟೀನಿನ ಟ್ಯೂಬುಗಳನ್ನು ಇಡುತ್ತಿದ್ದ ಫ್ರಿಜ್ಜಿಗೆ ಎರಡೇ ಕೀಲಿ. ಒಂದು ಅವಳದು, ಇನ್ನೊಂದು ಭಾವನದು.

ಎಲ್ಲವನ್ನೂ ಮೊದಲಿನಿಂದ ಮಾಡಿದಳು. ಈ ಸಲ ಆಮ್ಲ ಉಣಿಸಿದಳು, ಟ್ಯೂಬನ್ನು ಕೈಬಿಡದೆ ನೇರ ಯಂತ್ರಕ್ಕೆ ಒಯ್ದಳು. ಗೆರೆ ಬರಲಿಲ್ಲ.

"ಭಾವ, ನನ್ನ ಟ್ಯೂಬಿಗೆ ಏನು ಬೆರೆಸ್ತಿದ್ರಿ?"

ಅವರು ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟರು. "ಅದೇ ಪ್ರೋಟೀನು, ಹೊರಗಡೆ ರಾಸಾಯನಿಕವಾಗಿ ಮಾಡಿಸಿದ್ದು. ಇಲ್ದಿದ್ರೆ ಯೋಜನೆ ನಿಂತುಹೋಗ್ತಿತ್ತು. ನಿನ್ನ ಕೆಲಸಾನೂ ಹೋಗ್ತಿತ್ತು."

"ಎಷ್ಟು ಸಲ?"

"ಮೊದಲಿಂದಲೂ."

ಅವಳು ಸೀದಾ ಅಕ್ಕನ ಮನೆಗೆ ಹೋದಳು. ಅಕ್ಕ ಒಗೆದ ಬಟ್ಟೆ ಮಡಿಸುತ್ತಿದ್ದಳು. ತಂಗಿಯ ಮುಖ ನೋಡಿದವಳೇ ಕೈಯಲ್ಲಿದ್ದ ಅಂಗಿಯನ್ನು ಕೆಳಗಿಟ್ಟಳು.

"ನಿಂಗೂ ಗೊತ್ತಿತ್ತಾ?"

"ಎರಡು ವರ್ಷ ಆದ್ಮೇಲೆ ನಿನ್ನ ಮುಖದಲ್ಲಿ ನಗು ಕಂಡಿದ್ದೆ ಕಣೇ. ಹೇಗೆ ಹೇಳ್ಲಿ?"

"ನನ್ನನ್ನ ಕುಣಿಸಿ, ಕೂತು ಚಪ್ಪಾಳೆ ತಟ್ಟಿದ್ರಲ್ಲೇ ಅಕ್ಕ!"

ಮರುದಿನವೇ ಆ ಪತ್ರಿಕೆಗೆ ನಡೆದದ್ದನ್ನು ಬರೆದು ಪ್ರಬಂಧ ವಾಪಸು ಪಡೆದಳು. ಭಾವನ ಹುದ್ದೆ ಹೋಯಿತು, ಅವಳ ಕೆಲಸವೂ ಹೋಯಿತು. ಅಮ್ಮ ಫೋನಿನಲ್ಲಿ, "ಅಕ್ಕನ ಸಂಸಾರಕ್ಕೆ ಕಲ್ಲು ಹಾಕಿಬಿಟ್ಯಲ್ಲೇ," ಎಂದಳು.

"ನಂಗೇನಾಯ್ತು ಅಂತ ನೀನೂ ಕೇಳ್ಲಿಲ್ವಲ್ಲಮ್ಮ," ಎಂದಳು ಅವಳು. ಅಷ್ಟು ಹೇಳಿ ಫೋನಿಟ್ಟಳು.